ನಮ್ಮ ಮಂಡಲದ ಪ್ರಧಾನಮ್ಮ

ಹೋದ ತಿಂಗಳು ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ನಮ್ಮೂರ ಕಡೆಯ ಹೂವು ಮಾರುವ ಹುಡುಗಿಯೊಬ್ಬಳು ಬುಟ್ಟಿ ಕೆಳಗಿಳಿಸಿ, "ಗೊತ್ತಾಯ್ತಾ ಆಂಟಿ? ಪ್ರಧಾನಮ್ಮ ಹೋಗ್ಬಿಟ್ರಂತೆ" ಎಂದಳು. ಮಗಳ ಮನೆಯಲ್ಲಿ ಬೆಳಗಿನ ಕಾಫಿ ಕುಡಿದು, ಲೋಟ ಪಕ್ಕಕ್ಕಿಟ್ಟು ಗೋಡೆಗೆ ಒರಗಿದವರು ಹಾಗೆಯೇ ಹೋದರಂತೆ. ನಾನು ಬಂದ ಬಸ್ಸನ್ನು ಬಿಟ್ಟು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ.

ಆ ಹುಡುಗಿ ಹುಟ್ಟುವ ಹೊತ್ತಿಗೆ ಪ್ರಧಾನ ಎಂಬ ಹುದ್ದೆಯೇ ನಮ್ಮ ರಾಜ್ಯದಲ್ಲಿ ಇರಲಿಲ್ಲ. ಮಂಡಲ ಪಂಚಾಯಿತಿ ಹೋಗಿ ಗ್ರಾಮ ಪಂಚಾಯಿತಿ ಬಂದಿತ್ತು. ಪ್ರಧಾನರು ಹೋಗಿ ಅಧ್ಯಕ್ಷರು ಬಂದಿದ್ದರು. ಆದರೂ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಪ್ರಧಾನಮ್ಮ ಎಂದರೆ ಮಕ್ಕಳಿಗೂ ಗೊತ್ತು, ಅದು ಒಬ್ಬರೇ. ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಅದನ್ನು ಊರು ಮರೆತೇಬಿಟ್ಟಿತ್ತು. ನಾನೂ ಇಲ್ಲಿ ಊರು ಕರೆದ ಹಾಗೆಯೇ ಕರೆಯುತ್ತೇನೆ.

ಅವರನ್ನು ನೋಡುವುದಕ್ಕಿಂತ ಮೊದಲು ನಾನು ಅವರ ದನಿ ಕೇಳಿದ್ದೆ. ನಾನು ಆವತಿ ಕಡೆಯಿಂದ ಮದುವೆಯಾಗಿ ಅವರಿದ್ದ ಊರಿಗೆ ಬಂದ ಹೊಸದು. ಮೇಲಿನ ಬೀದಿಯಲ್ಲಿ ಹೊಲ ಉಳ್ಳ ನಮ್ಮವರು, ಕೆಳಗಿನ ಬೀದಿಯಲ್ಲಿ ನೇಕಾರರು. ಬೆಳಗಾದರೆ ಅಷ್ಟೂ ಮನೆಗಳಿಂದ ವಿದ್ಯುತ್ ಮಗ್ಗಗಳ ಸದ್ದು ಶುರುವಾಗುತ್ತಿತ್ತು. ಒಂದು ಮಧ್ಯಾಹ್ನ ಆ ಸದ್ದನ್ನೂ ಮೀರಿ ಒಬ್ಬ ಹೆಂಗಸಿನ ದನಿ ಬಂತು. ಯಾರೋ ಹೊಡೆದಾಡುತ್ತಿದ್ದಾರೆ ಎಂದು ಹೆದರಿ ನಾನು ಬಾಗಿಲಿಗೆ ಓಡಿದೆ. ನಮ್ಮತ್ತೆ ನಕ್ಕರು. "ಜಗಳ ಅಲ್ಲ ಕಣವ್ವ. ಅವಳು ಗಂಡನ್ನ ಊಟಕ್ಕೆ ಕರೀತಾವ್ಳೆ."

ಚಿಕ್ಕಂದಿನಿಂದ ಮಗ್ಗದ ಮಧ್ಯೆ ಬೆಳೆದವರ ದನಿ ಅದು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಎರಡೂ ಒಂದೇ ಎತ್ತರದಲ್ಲಿ. ಒಂದೊಂದು ಮಾತಿನ ಕೊನೆಗೂ "ಕೇಳುಸ್ತಾ?" ಎಂದು ಸೇರಿಸುತ್ತಿದ್ದರು. ಎದುರಿಗಿದ್ದವರಿಗೆ ಕೇಳಿಸದೆ ಇರಲು ಸಾಧ್ಯವೇ ಇರಲಿಲ್ಲ, ಆದರೂ ಕೇಳುತ್ತಿದ್ದರು. ಇನ್ನೊಂದು ವಿದ್ಯೆಯೂ ಮಗ್ಗದಿಂದಲೇ ಬಂದಿತ್ತು. ಆ ಸದ್ದಿನಲ್ಲಿ ಕೂಗಿ ಸಾಕಾದವರು ಬರೀ ತುಟಿ ಆಡಿಸಿ ಮಾತಾಡಿಕೊಳ್ಳುತ್ತಾರೆ. ನೇಕಾರರ ಮನೆಯ ಹೆಂಗಸರೆಲ್ಲ ಇದನ್ನು ಬಲ್ಲರು. ಈ ಹೆಂಗಸು ಮಾತ್ರ ಮೈಲಿ ದೂರದ ತುಟಿಯನ್ನೂ ಓದುತ್ತಾರೆ ಎಂದು ನಮ್ಮತ್ತೆ ಹೇಳುತ್ತಿದ್ದರು. ಮೈಲಿ ಅನ್ನುವುದು ಅತ್ತೆಯ ಉತ್ಪ್ರೇಕ್ಷೆ. ಒಂದು ಸಭಾಂಗಣದ ಆ ತುದಿಯಿಂದ ಈ ತುದಿಯವರೆಗೆ ಓದಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಮಂಡಲ ಪಂಚಾಯಿತಿಗಳು ಬಂದವು. ಹೆಂಗಸರಿಗೆಂದು ಕೆಲವು ಸ್ಥಾನ ಮೀಸಲಿಟ್ಟಿದ್ದರು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೇನೆ ಎಂಬ ಒಂದೇ ಕಾರಣಕ್ಕೆ ನಮ್ಮ ಮಾವ ನನ್ನ ಹೆಸರು ಕೊಟ್ಟರು, ಅವರ ಜೊತೆ ನಾನೂ ಗೆದ್ದೆ. ಕೆಳಗಿನ ಬೀದಿಯಿಂದ ಆಕೆ ಗೆದ್ದರು. ಪ್ರಧಾನರನ್ನು ಆರಿಸುವ ದಿನ ಬಂತು. ಒಂದು ಗುಂಪು ನಮ್ಮ ಮಾವನದು, ಇನ್ನೊಂದು ಪಕ್ಕದ ಹಳ್ಳಿಯ ದ್ರಾಕ್ಷಿ ತೋಟದ ಯಜಮಾನರದು. ಎರಡೂ ಕಡೆ ಸಮ ಸಮ. ಯಾರೂ ಬಗ್ಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಯಾರೋ ಒಂದು ದಾರಿ ಹುಡುಕಿದರು. ಯಾವ ಗುಂಪಿಗೂ ಸೇರದ, ಯಾರಿಗೂ ತೊಂದರೆ ಕೊಡದ ಒಬ್ಬರನ್ನು ಆರು ತಿಂಗಳು ಕೂರಿಸೋಣ, ಆಮೇಲೆ ನಾವು ನಾವು ಮಾತಾಡಿಕೊಳ್ಳೋಣ. ಹಾಗೆ ಎಲ್ಲರ ಕಣ್ಣೂ ಆಕೆಯ ಮೇಲೆ ಬಿತ್ತು. ನಾಲ್ಕನೇ ಕ್ಲಾಸು ಓದಿದವರು, ಹೆಂಗಸು, ನೇಯುವವರು. ಇವರಿಗಿಂತ ಸುಲಭವಾಗಿ ಎಬ್ಬಿಸಬಹುದಾದವರು ಇನ್ಯಾರಿದ್ದಾರು?

"ಆರು ತಿಂಗಳು ಮಾತ್ರ ಕಣಮ್ಮ" ಎಂದರು ನಮ್ಮ ಮಾವ.

ಆಕೆ ತಾಲ್ಲೂಕಿನಿಂದ ಚುನಾವಣೆ ನಡೆಸಲು ಬಂದಿದ್ದ ಅಧಿಕಾರಿಯ ಕಡೆ ತಿರುಗಿದರು. "ಸ್ವಾಮಿ, ಆರು ತಿಂಗಳು ಅಂತ ನಿಮ್ಮ ಕಾಗದದಲ್ಲಿ ಐತಾ?"

"ಇಲ್ಲಮ್ಮ. ಪ್ರಧಾನರಾದ್ರೆ ಪೂರ್ತಿ ಅವಧಿ."

"ಹಂಗಾರೆ ಆಗ್ತೀನಿ" ಎಂದರು. "ಕೇಳುಸ್ತಾ?"

ಎರಡು ಗುಂಪಿನವರೂ ನಕ್ಕರು. ನಕ್ಕು, ಚಪ್ಪಾಳೆ ತಟ್ಟಿ, ಮೈಸೂರುಪಾಕು ತಿಂದು ಮನೆಗೆ ಹೋದರು. ನಮ್ಮ ತಾಲ್ಲೂಕಿನಲ್ಲಿ ಆಗ ಹೆಂಗಸೊಬ್ಬರು ಪ್ರಧಾನರಾಗಿದ್ದ ಮಂಡಲ ಇನ್ನೊಂದು ಇರಲಿಲ್ಲ. ಅದು ಅವತ್ತು ಯಾರಿಗೂ ದೊಡ್ಡ ಸಂಗತಿ ಎನ್ನಿಸಿರಲಿಲ್ಲ, ನನಗೂ ಅನ್ನಿಸಿರಲಿಲ್ಲ.

ಮೊದಲ ಸಭೆಗೆ ನಾವು ಹೆಂಗಸರು ಒಬ್ಬೊಬ್ಬರೂ ಗಂಡನನ್ನೋ ಮಗನನ್ನೋ ಹಿಂದಿಟ್ಟುಕೊಂಡು ಹೋಗಿದ್ದೆವು. ಹಿಂದಿಟ್ಟುಕೊಂಡು ಎನ್ನುವುದು ತಪ್ಪು, ಅವರ ಹಿಂದೆ ನಾವು ಹೋಗಿದ್ದೆವು. ಬೆಂಚುಗಳ ಮೇಲೆ ಅವರು ಕೂತರು, ಬಾಗಿಲ ಪಕ್ಕ ಗೋಡೆಗೆ ಒತ್ತಿ ನಾವು ನಿಂತೆವು. ಪ್ರಧಾನಮ್ಮ ಒಳಗೆ ಬಂದವರು ನೋಡಿದರು. ಅವರ ಯಜಮಾನರೂ ಮೊದಲ ಬೆಂಚಿನಲ್ಲೇ ಇದ್ದರು, ಬಹಳ ಸಾಧು ಮನುಷ್ಯ. ಪ್ರಧಾನಮ್ಮ ಅವರ ಹತ್ತಿರ ಹೋಗಿ, "ರೀ, ಎದ್ದೇಳಿ, ಹೊರಗಡೆ ಹುಣಸೆ ಮರದ ಕೆಳಗೆ ನೆರಳೈತೆ. ಟೀ ಕಳಿಸ್ತೀನಿ" ಎಂದರು. ಆ ಮನುಷ್ಯ ಪಂಚೆ ಕೊಡವಿಕೊಂಡು ಎದ್ದು ಹೋದರು. ಆಮೇಲೆ ಪ್ರಧಾನಮ್ಮ ಉಳಿದ ಗಂಡಸರನ್ನು ನೋಡಿದರು. ಪ್ರಧಾನರ ಗಂಡನೇ ಹೊರಗೆ ಹೋದ ಮೇಲೆ ಸದಸ್ಯೆಯ ಗಂಡ ಒಳಗೆ ಕೂರುವುದು ಹೇಗೆ? ಒಬ್ಬೊಬ್ಬರೇ ಎದ್ದರು. ನಾವು ಹೋಗಿ ಬೆಂಚಿನ ಮೇಲೆ ಕೂತೆವು. ಬೆಂಚು ಇನ್ನೂ ಬಿಸಿಯಾಗಿತ್ತು.

ಅವತ್ತಿಂದ ಅವರ ಕಾಗದಪತ್ರ ಓದಿ ಹೇಳುವ ಕೆಲಸ ನನ್ನದಾಯಿತು. ಕಾರ್ಯದರ್ಶಿ ಓದಿದ್ದನ್ನು ಅವರು ನಂಬುತ್ತಿರಲಿಲ್ಲ ಎಂದಲ್ಲ. ಆದರೆ ಒಂದೊಂದು ಕಾಗದವನ್ನೂ ನನ್ನಿಂದ ಎರಡು ಸಲ ಓದಿಸಿ, ಅರ್ಥವಾಗದ ಮಾತು ಬಂದರೆ ನಿಲ್ಲಿಸಿ, ಆಮೇಲೆ ತುಟಿ ಕಚ್ಚಿಕೊಂಡು ನಿಧಾನವಾಗಿ ರುಜು ಹಾಕುತ್ತಿದ್ದರು. ಮೈಮೇಲೆ ಯಾವಾಗಲೂ ತಾವೇ ನೇಯ್ದ ಸೀರೆ. ಅದೂ ಎಲ್ಲೋ ಎಳೆ ತಪ್ಪಿ ಅಂಗಡಿಯವರು ಬೇಡವೆಂದು ತಿರುಗಿಸಿದ್ದು. ಮದುವೆಮನೆಯಲ್ಲಿ ಯಾರಾದರೂ ಸೀರೆ ಹೊಗಳಿದರೆ, "ಇಲ್ನೋಡಿ, ಇಲ್ಲಿ ತಪ್ಪೈತೆ" ಎಂದು ಸೆರಗು ಬಿಡಿಸಿ ತೋರಿಸುತ್ತಿದ್ದರು. ಕೋಪ ಬಹಳ. ಕೋಪ ಬಂದರೆ ತೆಲುಗು ಬರುತ್ತಿತ್ತು. ಒಂದು ಸಲ ಕಾರ್ಯದರ್ಶಿಯನ್ನು ಬೈದು, ಆತ ಪಾಪ ಏನೂ ತಿಳಿಯದೆ ತಲೆಯಾಡಿಸುತ್ತಿದ್ದುದನ್ನು ನೋಡಿ ತಾವೇ ನಕ್ಕು, ಬೈದದ್ದನ್ನೆಲ್ಲ ಕನ್ನಡದಲ್ಲಿ ಇನ್ನೊಂದು ಸಲ ಹೇಳಿದ್ದರು.

ತಾಲ್ಲೂಕಿನಲ್ಲಿ ಎಲ್ಲ ಮಂಡಲಗಳ ಪ್ರಧಾನರ ಸಭೆಗೆ ಮೊದಲು ಹೋದಾಗ ನಾನೂ ಜೊತೆಗಿದ್ದೆ. ಕೋಣೆಯ ತುಂಬ ಬಿಳಿ ಬಟ್ಟೆಯ ಗಂಡಸರು. ಅಧಿಕಾರಿ ನಮ್ಮ ಮಂಡಲದ ಹೆಸರು ಕೂಗಿದರು. ಪ್ರಧಾನಮ್ಮ ಎದ್ದು ನಿಂತರು. ಆತ ಕನ್ನಡಕದ ಮೇಲಿಂದ ನೋಡಿ, "ಪ್ರಧಾನರು ಬರ್ಲಿಲ್ವೇನಮ್ಮಾ? ನೀವು ಅವರ ಮನೆಯವ್ರಾ?" ಎಂದರು.

"ಪ್ರಧಾನ್ರು ಬಂದವ್ರೆ ಸ್ವಾಮಿ" ಎಂದರು ಈಕೆ, ಆ ಕಟ್ಟಡಕ್ಕೆಲ್ಲ ಕೇಳುವಂತೆ. "ಅವರ ಮನೆಯೋರು ಊರಲ್ಲಿ ಮಗ್ಗ ಓಡಿಸ್ತಾವ್ರೆ. ಅವರೇ ಬೇಕು ಅಂದ್ರೆ ಕರೆಸ್ತೀನಿ. ಆದ್ರೆ ಅವರಿಗೆ ರುಜು ಹಾಕೋ ಅಧಿಕಾರ ಇಲ್ಲ."

ಆ ಅಧಿಕಾರಿ ಒಳ್ಳೆಯವರು. ನಕ್ಕು, ಕುರ್ಚಿ ಹಾಕಿಸಿದರು.

ಹೀಗೆ ಓಡಾಡುವುದಕ್ಕೆ ಅವರ ಯಜಮಾನರು ಮೊಪೆಡ್ಡಿನಲ್ಲಿ ಕರೆದುಕೊಂಡು ಹೋಗಿ, ಕೆಲಸ ಮುಗಿಯುವವರೆಗೆ ಹೊರಗೆ ಕಾಯುತ್ತಿದ್ದರು. ಇದು ಪ್ರಧಾನಮ್ಮನಿಗೆ ಸರಿಬರಲಿಲ್ಲ. "ನೀವು ನನ್ನ ಕಾಯ್ತಾ ಕೂತ್ರೆ ಮಗ್ಗ ಯಾರು ನೋಡೋದು?" ಎಂದು, ಬೇಸಿಗೆಯಲ್ಲಿ ಒಣಗಿದ ಕೆರೆಯ ಅಂಗಳದಲ್ಲಿ ತಾವೇ ಮೊಪೆಡ್ ಕಲಿತರು. ಎರಡೂ ಮೊಣಕೈ ತರಚಿಕೊಂಡರು. ಕಲಿತ ಮೇಲೆ ಊರೊಳಗೆ ಬಂದಾಗ ಮಗ್ಗಗಳು ಒಂದೊಂದಾಗಿ ನಿಂತವು. ಎಲ್ಲರೂ ಬಾಗಿಲಿಗೆ ಬಂದು ನೋಡಿದರು. ನಲವತ್ತು ದಾಟಿದ ಹೆಂಗಸು, ಸೊಂಟಕ್ಕೆ ಸೆರಗು ಬಿಗಿದು, ಖಾಲಿ ರಸ್ತೆಯಲ್ಲೂ ಹಾರನ್ ಹೊಡೆಯುತ್ತ ಹೋಗುತ್ತಿದ್ದರು. ಹಿಂದೆ ಕೂತವಳು ನಾನು. ಅವರು ಮಾತಾಡುವಾಗ ಪೂರ್ತಿ ಹಿಂದಕ್ಕೆ ತಿರುಗುತ್ತಿದ್ದರು. "ಅಕ್ಕಾ, ಮುಂದೆ ನೋಡಿ!" ಎಂದು ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಆರು ತಿಂಗಳು ಯಾವಾಗಲೋ ಕಳೆಯಿತು. ಯಾರೂ ಆ ಮಾತು ಎತ್ತಲಿಲ್ಲ. ಇಷ್ಟೇ ಆಗಿದ್ದರೆ ಅವರು ಊರಿನವರು ನೆನೆದು ನಗುವ ಒಬ್ಬ ಗಟ್ಟಿಗಿತ್ತಿಯಾಗಿ ಉಳಿಯುತ್ತಿದ್ದರು. ಅವರ ಮುಂದೆ ನಾನು ಮನಸ್ಸಿನಲ್ಲೇ ಕೈಮುಗಿಯುವಂತಾದದ್ದು ಬಣ್ಣದ ನೀರಿನ ವಿಷಯದಲ್ಲಿ.

ನೇಕಾರರ ಬೀದಿಯ ಕೊನೆಗೆ ನೂಲಿಗೆ ಬಣ್ಣ ಹಾಕುವ ಶೆಡ್ಡುಗಳಿದ್ದವು. ಅವುಗಳಲ್ಲಿ ಒಂದು ಪ್ರಧಾನಮ್ಮನ ಮನೆಯದೇ. ಅದನ್ನು ನೋಡಿಕೊಳ್ಳುತ್ತಿದ್ದವರು ಅವರ ಮೈದುನ. ಬಣ್ಣ ಹಾಕಿದ ಮೇಲೆ ಉಳಿದ ನೀರು ಚರಂಡಿಯಲ್ಲಿ ಹರಿದು ಊರ ಕೆಳಗೆ ಹೋಗುತ್ತಿತ್ತು. ಅಲ್ಲಿ ಕಾಲೋನಿ, ಕಾಲೋನಿಯ ಜನಕ್ಕೆ ಇದ್ದದ್ದು ಒಂದೇ ಬಾವಿ. ಊರೊಳಗಿನ ಬಾವಿಗಳಿಗೆ ಅವರು ಬರುವ ಹಾಗಿರಲಿಲ್ಲ. ಅದು ಆ ಕಾಲದ ನಮ್ಮೂರು.

ಒಂದು ಬೆಳಿಗ್ಗೆ ಕಾಲೋನಿಯ ಹೆಂಗಸರು ಪಂಚಾಯಿತಿ ಆಫೀಸಿನ ಮುಂದೆ ಬಂದು ನಿಂತರು. ಒಬ್ಬಾಕೆಯ ಸೊಂಟದಲ್ಲಿ ನೀರು ತುಂಬಿದ ಕೊಡ. "ನಮ್ಮ ಬಾವಿ ನೀರು ನೋಡ್ರಮ್ಮೋ" ಎಂದು ಆಕೆ ಮೆಟ್ಟಿಲ ಕೆಳಗೇ ನಿಂತು ಹೇಳಿದಳು. "ಮಕ್ಕಳ ಮೈಯೆಲ್ಲ ಗುಳ್ಳೆ ಎದ್ದವೆ. ಸೋಸಿದ್ರೂ ಹೋಗಲ್ಲ, ಕಾಯಿಸಿದ್ರೂ ಹೋಗಲ್ಲ."

ಪ್ರಧಾನಮ್ಮ ಮೆಟ್ಟಿಲಿಳಿದು ಹೋಗಿ ಕೊಡದೊಳಗೆ ನೋಡಿದರು. ನಾನೂ ನೋಡಿದೆ. ನೀರು ತೆಳು ಗುಲಾಬಿ ಬಣ್ಣಕ್ಕಿತ್ತು, ನೋಡುವುದಕ್ಕೆ ಚೆಂದವಾಗಿತ್ತು. ಅದಕ್ಕೇ ಭಯವಾಯಿತು. ಪ್ರಧಾನಮ್ಮ ಕೊಡವನ್ನು ಆಕೆಯ ಸೊಂಟದಿಂದ ತಮ್ಮ ಸೊಂಟಕ್ಕೆ ತೆಗೆದುಕೊಂಡರು. "ನಾಳೆ ಕೊಡ ವಾಪಸ್ ಕೊಡ್ತೀನಿ" ಎಂದು ಹೇಳಿ, ಊರ ನಡುವಿನ ಬೀದಿಯಲ್ಲಿ ನಡೆದುಕೊಂಡೇ ಮನೆಗೆ ಹೋದರು. ಕಾಲೋನಿಯ ಕೊಡವನ್ನು ಊರೊಳಗಿನವರು ಸೊಂಟದಲ್ಲಿಟ್ಟುಕೊಂಡು ಹೋಗುವುದನ್ನು ಆ ಬೀದಿ ಅವತ್ತೇ ಮೊದಲು ಕಂಡದ್ದು. ನಾನು ಹಿಂದೆ ಹಿಂದೆ ನಡೆದೆ.

ಮನೆಗೆ ಹೋದವರು ಆ ನೀರಿನಲ್ಲಿ ಅಕ್ಕಿ ತೊಳೆದು, ಆ ನೀರಿನಲ್ಲೇ ಅನ್ನಕ್ಕಿಟ್ಟರು. ನಾನು "ಅಕ್ಕ, ಏನ್ ಮಾಡ್ತಿದೀರ?" ಎಂದರೆ ಒಲೆಗೆ ಇನ್ನೊಂದು ಸೌದೆ ತಳ್ಳಿದರು. ಊಟದ ಹೊತ್ತಿಗೆ ಯಜಮಾನರೂ ಮೈದುನರೂ ಬಂದು ಕೂತರು. ಬಡಿಸಿದರು. ಅನ್ನ ಗುಲಾಬಿ ಬಣ್ಣಕ್ಕಿತ್ತು.

"ಏನತ್ತಿಗೆ ಇದು?" ಎಂದರು ಮೈದುನ.

"ಅನ್ನ."

"ಬಣ್ಣ ಯಾಕೆ ಹಿಂಗೈತೆ?"

"ನಿನ್ನ ಶೆಡ್ಡಿನದೇ ಬಣ್ಣ. ಗುರುತು ಸಿಗ್ಲಿಲ್ವಾ? ಕಾಲೋನಿಯೋರು ದಿನಾ ಉಣ್ಣೋದು ಇದೇ ಅನ್ನ."

ಮೈದುನರ ಮುಖ ಕೆಂಪಾಯಿತು. "ಕಾಲೋನಿ ನೀರು ತಂದು ಮನೇಲಿ ಅಡಿಗೆ ಮಾಡಿದ್ಯಾ?" ಎಂದು ತಟ್ಟೆ ತಳ್ಳಿ ಎದ್ದರು. ಬಣ್ಣಕ್ಕಿಂತ ಆ ನೀರು ಎಲ್ಲಿಯದು ಎಂಬುದೇ ಅವರಿಗೆ ಹೆಚ್ಚಾಗಿತ್ತು. ಪ್ರಧಾನಮ್ಮ ಯಾರಿಗೂ ಉಣ್ಣಿ ಎನ್ನಲಿಲ್ಲ. ತಮಗೂ ಒಂದು ತಟ್ಟೆಗೆ ಬಡಿಸಿಕೊಂಡು, ಕೂತು, ಸಾರು ಕಲಸಿ ತುತ್ತು ಎತ್ತಿದರು. ಬಾಯಿಗೆ ಹೋಗುವ ಮುಂಚೆ ಅವರ ಯಜಮಾನರು ಆ ಕೈ ಹಿಡಿದುಕೊಂಡರು. ಆ ಸಾಧು ಮನುಷ್ಯ ಅಷ್ಟು ಗಟ್ಟಿಯಾಗಿ ಏನನ್ನಾದರೂ ಹಿಡಿದದ್ದನ್ನು ನಾನು ನೋಡಿರಲಿಲ್ಲ.

"ಬೇಡ" ಎಂದರು. "ಶೆಡ್ಡು ಮುಚ್ಚೋಣ."

ಮಾರನೆಯ ದಿನ ಕೊಡ ತೊಳೆದು ಕಾಲೋನಿಗೆ ಹೋಗಿ ಕೊಟ್ಟುಬಂದರು. ಅದೇ ದಿನ ತಮ್ಮ ಶೆಡ್ಡಿಗೆ ಬೀಗ ಹಾಕಿಸಿದರು. ಮಿಕ್ಕ ಶೆಡ್ಡಿನವರಿಗೆ, ನೀರು ಬಿಡಲು ಬೇರೆ ಏರ್ಪಾಡಾಗುವವರೆಗೆ ಕೆಲಸ ನಿಲ್ಲಿಸಬೇಕೆಂದು ಪಂಚಾಯಿತಿಯಿಂದ ನೋಟಿಸು ಹೋಯಿತು. ಕಾಲೋನಿಗೆ ಒಂದು ಕೊಳವೆ ಬಾವಿ ಬೇಕೆಂದು ಮೇಲಕ್ಕೆ ಬರೆದು, ಮೊಪೆಡ್ಡಿನಲ್ಲಿ ಮತ್ತೆ ಮತ್ತೆ ಹೋಗಿ ಆಫೀಸಿನ ಬಾಗಿಲಲ್ಲಿ ಕೂತು ಅದನ್ನೂ ಹಾಕಿಸಿದರು.

ಇದಕ್ಕೆ ಅವರು ತೆತ್ತದ್ದು ಕಡಿಮೆಯಲ್ಲ. ಮೈದುನ ಮನೆ ಬೇರೆ ಮಾಡಿಕೊಂಡರು, ಮಾತು ಬಿಟ್ಟರು. ನೇಕಾರರ ಬೀದಿ ಪೂರ್ತಿ ತಿರುಗಿಬಿತ್ತು. ನೂಲು ಕೊಡುತ್ತಿದ್ದ ಸಾಹುಕಾರರು ಅವರ ಮನೆಗೆ ಕೊಡುವುದನ್ನು ನಿಲ್ಲಿಸಿದರು. ಅಷ್ಟು ಮಗ್ಗಗಳ ಸದ್ದಿನ ನಡುವೆ ಅವರ ಮನೆಯೊಂದು ಸುಮ್ಮನಾಯಿತು. ನಾನು ಹೋದಾಗ ಪ್ರಧಾನಮ್ಮ ನಿಂತ ಮಗ್ಗದ ಧೂಳು ಒರೆಸುತ್ತಿದ್ದರು. "ಕಿವಿ ನೋಯ್ತದೆ ಕಣಮ್ಮ" ಎಂದರು. "ಸದ್ದು ಇಲ್ದೆ ಕಿವಿ ನೋಯ್ತದೆ ಅಂತ ನನಗೆ ಗೊತ್ತೇ ಇರ್ಲಿಲ್ಲ."

ಮೇಲಿನ ಬೀದಿಯವರಿಗೆ ಆಗ ಬಹಳ ಖುಷಿ. ನಮ್ಮ ಮಾವ ಮನೆಯಲ್ಲಿ, "ಗಂಡಸು ಕಣೋ ಆ ಹೆಂಗಸು" ಎಂದು ಹೊಗಳುತ್ತಿದ್ದರು. ಆ ಹೊಗಳಿಕೆ ಬಹಳ ದಿನ ಬಾಳಲಿಲ್ಲ. ಶೆಡ್ಡುಗಳನ್ನು ಶಾಶ್ವತವಾಗಿ ಮುಚ್ಚಿದರೆ ನೇಕಾರರು ಬದುಕುವುದು ಹೇಗೆ ಎಂದು ಪ್ರಧಾನಮ್ಮನಿಗೆ ಗೊತ್ತಿತ್ತು. ಇಂಜಿನಿಯರೊಬ್ಬರನ್ನು ಕರೆತಂದು ಸುತ್ತಾಡಿಸಿದರು. ಊರಿನ ಇನ್ನೊಂದು ಮಗ್ಗುಲಲ್ಲಿ, ಬಾವಿಗಳಿಂದ ದೂರ, ಕಲ್ಲು ಕಟ್ಟಿ ಸಿಮೆಂಟು ಬಳಿದ ಹೊಂಡಗಳನ್ನು ಮಾಡಿ, ಬಣ್ಣದ ನೀರನ್ನು ಅಲ್ಲಿಗೆ ಹರಿಸಿ ಬಿಸಿಲಿಗೆ ಆರಿಸಬಹುದು ಎಂದು ಆತ ಹೇಳಿದ. ಅದಕ್ಕೆ ತಕ್ಕ ಜಾಗ ಗೋಮಾಳದಲ್ಲಿತ್ತು, ಊರ ದನ ಮೇಯಲೆಂದು ಸರ್ಕಾರ ಬಿಟ್ಟ ನೆಲ. ಆ ನೆಲದಲ್ಲಿ ಎಷ್ಟೋ ವರ್ಷದಿಂದ ನೀಲಗಿರಿ ತೋಪು ಬೆಳೆದು ನಿಂತಿತ್ತು. ತೋಪು ನಮ್ಮ ಮಾವನದು.

ಸಭೆಯಲ್ಲಿ ಪ್ರಧಾನಮ್ಮ ಆ ಜಾಗದ ಹೆಸರು ಹೇಳಿದರು. ಆ ತುದಿಯಲ್ಲಿ ನಮ್ಮ ಮಾವ ದ್ರಾಕ್ಷಿ ತೋಟದ ಯಜಮಾನರ ಕಿವಿಯ ಹತ್ತಿರ ಬಗ್ಗಿ ಏನೋ ಪಿಸುಗುಟ್ಟಿದರು. ಅಷ್ಟು ದಿನ ಮುಖ ನೋಡದಿದ್ದವರು ಅವತ್ತು ಪಕ್ಕ ಪಕ್ಕ ಕೂತಿದ್ದರು. ಪ್ರಧಾನಮ್ಮ ಈ ತುದಿಯಿಂದ ದೊಡ್ಡ ದನಿಯಲ್ಲಿ, "ಅವಿಶ್ವಾಸ ತರೋದಾದ್ರೆ ಮುಂದಿನ ವಾರ ಯಾಕೆ ಯಜಮಾನ್ರೇ, ಇವತ್ತೇ ಬರ್ಕೊಡಿ" ಎಂದರು. ಇಬ್ಬರೂ ಬೆಚ್ಚಿ ಬಿದ್ದರು. ತುಟಿ ಓದುವುದನ್ನು ನಾನು ಕಣ್ಣಾರೆ ಕಂಡೆ ಎಂದೆನಲ್ಲ, ಅದು ಆಗಲೇ.

ಅವಿಶ್ವಾಸಕ್ಕೆ ದಿನ ಗೊತ್ತಾಯಿತು. ಎರಡು ಗುಂಪು ಒಂದಾಗಿದ್ದವು, ನೇಕಾರರ ಕಡೆಯವರೂ ಅವರ ಜೊತೆಗಿದ್ದರು. ಉಳಿದದ್ದು ನಾವು ಹೆಂಗಸರು ಮತ್ತು ಕಾಲೋನಿಯ ಸದಸ್ಯರು. ಹೆಂಗಸರ ಕೈ ಸೇರದೆ ಅವರ ಲೆಕ್ಕ ತುಂಬುತ್ತಿರಲಿಲ್ಲ. ನಮ್ಮ ಮಾವ ಊಟಕ್ಕೆ ಕೂತಾಗ ನನ್ನ ಕಡೆ ನೋಡದೆ, "ನಾಳಿದ್ದು ಕೈ ಎತ್ತೋದು ಮರೀಬ್ಯಾಡ ಕಣವ್ವ" ಎಂದರು. ಆ ಮನೆಯಲ್ಲಿ ಅವರ ಮಾತಿಗೆ ಎದುರು ಮಾತು ಇರಲಿಲ್ಲ.

ಮರುದಿನ ರಾಗಿ ಬೀಸಿಸಲು ಗಿರಣಿಗೆ ಹೋದೆ. ಪ್ರಧಾನಮ್ಮ ಅಲ್ಲಿದ್ದರು. ಬೆಲ್ಟು ತಿರುಗುವ ಸದ್ದು, ಹಿಟ್ಟಿನ ಧೂಳು, ಸುತ್ತ ಜನ. ಅವರು ನನ್ನ ಎದುರಿಗೆ ಬಂದು ನಿಂತು, ದನಿಯೇ ಇಲ್ಲದೆ, ತುಟಿಯಲ್ಲಷ್ಟೇ ಮಾತಾಡಿದರು. ನಾನು ಆ ವಿದ್ಯೆ ಕಲಿತವಳಲ್ಲ. ಆದರೂ ಒಂದೊಂದು ಮಾತೂ ತಿಳಿಯಿತು. "ನೀನು ಕೈ ಎತ್ತು. ನಾನು ತಪ್ಪು ತಿಳ್ಕೊಳ್ಳಲ್ಲ. ಆ ಮನೇಲಿ ಬಾಳ್ಬೇಕಾದೋಳು ನೀನು."

ಅಲ್ಲಿಯವರೆಗೆ ಏನು ಮಾಡಬೇಕೆಂದು ನಾನು ನಿರ್ಧರಿಸಿರಲಿಲ್ಲ. ತಮ್ಮನ್ನು ಇಳಿಸುವುದಕ್ಕೆ ನನಗೆ ತಾವೇ ಅನುಮತಿ ಕೊಡಲು ಬಂದವರನ್ನು ನೋಡಿದ ಮೇಲೆ ನಿರ್ಧಾರ ತಾನಾಗಿ ಆಯಿತು.

ಸಭೆಯ ದಿನ ಕಿಟಕಿಗಳ ಹೊರಗೆ ಗಂಡಂದಿರು ಮಕ್ಕಳು ಸಾಲಾಗಿ ನಿಂತಿದ್ದರು. ತಾಲ್ಲೂಕಿನಿಂದ ಬಂದ ಅಧಿಕಾರಿ ಪ್ರಧಾನಮ್ಮನಿಗೆ ಮಾತಾಡಲು ಅವಕಾಶ ಕೊಟ್ಟರು. ಅವರು ಎದ್ದರು. ನಾನು ಅವರನ್ನು ನೋಡಿದಷ್ಟು ಕಾಲದಲ್ಲಿ ಅವರು ಮೆಲ್ಲಗೆ ಮಾತಾಡಿದ್ದು ಅವತ್ತು ಮಾತ್ರ.

"ನನ್ನ ಶೆಡ್ಡು ಮುಚ್ಚಿದೆ. ನನ್ನ ಮೈದುನ ನನ್ನ ಮಾತಾಡ್ಸಲ್ಲ. ನನ್ನ ಮಗ್ಗಕ್ಕೆ ನೂಲಿಲ್ಲ. ಇನ್ನು ಉಳಿದಿರೋದು ಈ ಅಧಿಕಾರ ಒಂದೇ, ಅದನ್ನೂ ತಗೊಳ್ಳಿ, ನಂಗೇನೂ ಬೇಜಾರಿಲ್ಲ. ಆದ್ರೆ ನನ್ನ ತೆಗೆದ ಮೇಲೆ ಯಾರು ಬರ್ತೀರೋ ಅವರು ಹೊಂಡ ತೋಡ್ಸಿ. ನೇಕಾರರ ಮಕ್ಕಳೂ ಉಣ್ಣಬೇಕು, ಕಾಲೋನಿ ಮಕ್ಕಳೂ ಉಣ್ಣಬೇಕು. ಅಷ್ಟೇ ನಾನು ಕೇಳಿದ್ದು."

ಕೂತರು. ಅಧಿಕಾರಿ, ಅವಿಶ್ವಾಸದ ಪರವಾಗಿರುವವರು ಕೈ ಎತ್ತಿ ಎಂದರು. ಕಾಲೋನಿಯವರನ್ನು ಬಿಟ್ಟು ಮಿಕ್ಕ ಗಂಡಸರ ಕೈಗಳು ಎದ್ದವು. ಕಿಟಕಿಯ ಹೊರಗಿನವರು ನಮಗೆ ಸನ್ನೆ ಮಾಡತೊಡಗಿದರು, ಎತ್ತು, ಎತ್ತು. ಒಬ್ಬನಂತೂ ತಾನೇ ಕೈ ಎತ್ತಿ ತೋರಿಸುತ್ತಿದ್ದ. ನನ್ನ ಪಕ್ಕ ಕೂತಿದ್ದ ಅಜ್ಜಿಯೊಬ್ಬರು, ಮಗನ ಹೆದರಿಕೆಗೆ ಕೈ ಎಲ್ಲಿ ಎದ್ದುಬಿಡುತ್ತದೋ ಎಂದು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತುಬಿಟ್ಟರು. ನಾನು ನನ್ನ ಕೈಗಳನ್ನು ಮಡಿಲಲ್ಲಿ ಹೆಣೆದುಕೊಂಡೆ. ಮಾವನ ಕಣ್ಣು ನನ್ನ ಮೇಲಿತ್ತು. ನಾನು ಕಿಟಕಿಯ ಕಡೆ ನೋಡಿದೆ. ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಯೂನಿಫಾರಂನಲ್ಲೇ ಬಂದಿದ್ದ ನನ್ನ ಗಂಡ ಹುಣಸೆ ಮರದ ಹತ್ತಿರ ನಿಂತಿದ್ದರು. ಅವರೊಬ್ಬರೇ ಕಿಟಕಿಗೆ ಬೆನ್ನು ಮಾಡಿ ನಿಂತಿದ್ದರು. ನನಗೆ ಅಷ್ಟು ಸಾಕಾಯಿತು.

ಹೆಂಗಸರ ಸಾಲಿನಲ್ಲಿ ಒಂದು ಕೈಯೂ ಏಳಲಿಲ್ಲ. ಅಧಿಕಾರಿ ಎರಡು ಸಲ ಎಣಿಸಿ, ಅವಿಶ್ವಾಸ ಬಿದ್ದುಹೋಯಿತು ಎಂದು ಹೇಳಿದರು. ಪ್ರಧಾನಮ್ಮ ನಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಮುಂದಿನ ವಿಷಯ ಓದಪ್ಪ" ಎಂದು ಕಾರ್ಯದರ್ಶಿಗೆ ಹೇಳಿದರು. ಮುಂದಿನ ವಿಷಯ ಹೊಂಡದ್ದೇ.

ಮನೆಯಲ್ಲಿ ನಮ್ಮ ಮಾವ ಒಂದು ಸುಗ್ಗಿ ಕಳೆಯುವವರೆಗೆ ನನ್ನ ಜೊತೆ ಮಾತಾಡಲಿಲ್ಲ. ನಾನು ಬಡಿಸಿದ್ದನ್ನು ಉಣ್ಣುತ್ತಿದ್ದರು, ನೀರು ಬೇಕಾದರೆ ಗೋಡೆಗೆ ಹೇಳುತ್ತಿದ್ದರು. ಆದರೆ ಪಂಚಾಯಿತಿಯವರು ತೋಪು ಕಡಿಸುವುದಕ್ಕೆ ಮುಂಚೆ ತಾವೇ ಆಳು ಕರೆಸಿ ಕಡಿಸಿದರು. ಬೇರೆಯವರ ಕೈಯಲ್ಲಿ ಕಡಿಸಿಕೊಳ್ಳುವುದು ಅವಮಾನ ಎಂಬ ಲೆಕ್ಕವೋ, ಒಳಗೆ ಇನ್ನೇನಿತ್ತೋ. ಹೊಂಡ ಆಯಿತು. ಇವತ್ತಿನ ಲೆಕ್ಕಕ್ಕೆ ಅದೇನು ದೊಡ್ಡ ಏರ್ಪಾಡಲ್ಲ. ಆದರೆ ಶೆಡ್ಡುಗಳು ಮತ್ತೆ ತೆರೆದವು, ಕಾಲೋನಿಯ ಬಾವಿ ಎರಡು ಮಳೆಗಾಲದಲ್ಲಿ ತಿಳಿಯಾಯಿತು. ನೇಕಾರರ ಬೀದಿಯಲ್ಲಿ ಪ್ರಧಾನಮ್ಮನ ಮಗ್ಗಕ್ಕೂ ನೂಲು ಬರತೊಡಗಿತು.

ಕ್ಷಮೆ ಮಾತ್ರ ಬರಲಿಲ್ಲ. ಮಂಡಲ ಪಂಚಾಯಿತಿಗಳು ಮುಗಿದು, ಕೆಲವು ವರ್ಷ ಬಿಟ್ಟು ಗ್ರಾಮ ಪಂಚಾಯಿತಿಗೆ ಚುನಾವಣೆ ಬಂದಾಗ ಅವರು ತಮ್ಮ ಬೀದಿಯಿಂದ ನಿಂತರು, ಸೋತರು. ಕಾಲೋನಿಯವರು, "ನಮ್ಮ ಕಡೆಯಿಂದ ನಿಂತಿದ್ರೆ ಹೂ ಎತ್ತಿದಂಗೆ ಗೆಲ್ಲಿಸ್ತಿದ್ವಿ" ಎಂದು ಅತ್ತರು. ಪ್ರಧಾನಮ್ಮನಿಗೆ ಅಳು ಬರಲಿಲ್ಲ. "ನನ್ನ ಬೀದಿಯೋರಿಗೆ ನನ್ನ ಮೇಲೆ ಕೋಪ ಐತೆ, ಓಟಿನಲ್ಲಿ ತೋರ್ಸಿದ್ರು. ತೋರ್ಸೋಕೆ ಓಟು ಇರೋದು" ಎಂದರು. ಮಾರನೆಯ ಬೆಳಿಗ್ಗೆ ನಾನು ಸಮಾಧಾನ ಹೇಳಲು ಹೋದರೆ ಮಗ್ಗದ ಮುಂದೆ ನಿಂತಿದ್ದರು. ಲಾಳಿ ಅತ್ತಿಂದಿತ್ತ ಓಡುತ್ತಿತ್ತು. ನನ್ನ ಸಮಾಧಾನದ ಮಾತು ಒಂದೂ ಕೇಳಿಸಲಿಲ್ಲ.

ಹುದ್ದೆ ಹೋದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ವಿಧವಾ ವೇತನ ನಿಂತವರು, ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಾದವರು, ಗಂಡ ಹೊಡೆದ ಹುಡುಗಿ, ಯಾರೇ ಬಂ‌ದರೂ ಮಗ್ಗ ನಿಲ್ಲಿಸಿ ಮೊಪೆಡ್ ಹೊರಗೆ ತೆಗೆಯುತ್ತಿದ್ದರು. ತಾಲ್ಲೂಕು ಆಫೀಸಿನ ಜವಾನರು ಅವರಿಗೆ ಮೊದಲಿನ ಹಾಗೆಯೇ ಎದ್ದು ನಿಲ್ಲುತ್ತಿದ್ದರು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಗ್ರಾಮ ಪಂಚಾಯಿತಿಯ ಅಧ್ಯಕ್ಷೆಯಾದೆ. ಮೊದಲ ದಿನ ಆಫೀಸಿಗೆ ಜನ ಬಂದು ಸಾಲಾಗಿ ನಿಂತಿದ್ದರು. ನಾನು ಹೊಸ ಸೀರೆಯುಟ್ಟು, ಹಾರಗಳ ಮಧ್ಯೆ ಕೂತು, ಒಬ್ಬೊಬ್ಬರ ಅರ್ಜಿ ತೆಗೆದುಕೊಳ್ಳುತ್ತಿದ್ದೆ. ತಲೆ ಎತ್ತಿದಾಗ ಸಾಲಿನಲ್ಲಿ ಒಬ್ಬ ಮುದುಕರ ಹಿಂದೆ ಪ್ರಧಾನಮ್ಮ ನಿಂತಿದ್ದರು, ಕೈಯಲ್ಲಿ ಒಂದು ಕಾಗದ ಹಿಡಿದು. ನಾನು ತಟ್ಟನೆ ಎದ್ದುಬಿಟ್ಟೆ.

"ಅಕ್ಕ, ನೀವು ಯಾಕೆ ಅಲ್ಲಿ ನಿಂತ್ರಿ? ಬನ್ನಿ, ಇಲ್ಲಿ ಕೂತ್ಕೊಳ್ಳಿ."

"ನೀನ್ಯಾಕೆ ಎದ್ದೆ?" ಎಂದರು.

"ನೀವು ನಿಂತಿರುವಾಗ ನಾನು ಹೆಂಗಕ್ಕ ಕೂರ್ಲಿ?"

"ನಾನು ಬಂದಿರೋದು ನಮ್ಮ ಬೀದಿ ಲೈಟು ಉರೀತಿಲ್ಲ ಅಂತ ಅರ್ಜಿ ಕೊಡೋಕೆ. ಅರ್ಜಿ ಕೊಡೋಕೆ ಬಂದೋರಿಗೆಲ್ಲ ಏಳೋದಾದ್ರೆ ಈ ತಾತ ಬಂದಾಗ್ಲೇ ಏಳ್ಬೇಕಿತ್ತು. ನನ್ನ ಮುಂದೆ ಅವರವ್ರೆ. ಪಿಂಚಣಿ ಬಂದಿಲ್ವಂತೆ, ಮೊದಲು ಅವರದು ಕೇಳು."

ಆಫೀಸಿನಲ್ಲಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ನಾನು ಕೂತೆ. ಮುದುಕರ ಕೈಯಿಂದ ಕಾಗದ ತೆಗೆದುಕೊಂಡು ಓದತೊಡಗಿದೆ. ಅವರ ಮಾತು ಮುಗಿಯುವುದಕ್ಕೆ ಬಹಳ ಹೊತ್ತು ಹಿಡಿಯಿತು, ಹೇಳಿದ್ದನ್ನೇ ಹೇಳುತ್ತಿದ್ದರು. ಅಷ್ಟು ಹೊತ್ತೂ ಪ್ರಧಾನಮ್ಮ ಅವರ ಹಿಂದೆ, ಸೆರಗು ಹೊದ್ದು, ತಮ್ಮ ಸರದಿಗಾಗಿ ನಿಂತೇ ಇದ್ದರು.